ಕಲ್ಲುರ್ಟಿಯ ಕಥೆಯಲ್ಲಿ ಕಲ್ಲು ಹೇಳದ ಮಾತು

ಪುತ್ತೂರು, ಸುಳ್ಯ, ಕಡಬದ ಕಡೆ ಹುಟ್ಟಿ ಬೆಳೆದವರಿಗೆ ಕಲ್ಲುರ್ಟಿಯನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಅಡಿಕೆ ತೋಟದ ಬದಿಯಲ್ಲೋ ಮನೆಯ ಹಿಂದಿನ ಗುಡ್ಡೆಯಲ್ಲೋ ಒಂದು ಕಟ್ಟೆ, ವರ್ಷಕ್ಕೊಮ್ಮೆ ತಂಬಿಲ, ಹರಕೆ ಇದ್ದರೆ ಅಗೆಲು. ಕಿವಿಯ ಬೆಂಡೋಲೆ ಕಳೆದುಹೋದರೆ ಪೊಲೀಸ್ ಠಾಣೆಗಿಂತ ಮೊದಲು ನೆನಪಾಗುವುದು ಕಲ್ಲುರ್ಟಿಗೆ ಹೇಳಿಕೊಳ್ಳುವ ಹರಕೆ. ರಾತ್ರಿ ಮಾಡಿನ ಮೇಲೆ ಕಲ್ಲು ಬಿದ್ದ ಸದ್ದಾದರೆ, ಬೈಹುಲ್ಲಿನ ರಾಶಿಗೆ ಕಾರಣವಿಲ್ಲದೆ ಬೆಂಕಿ ಹಿಡಿದರೆ, ಹಿರಿಯರು ದನಿ ತಗ್ಗಿಸಿ ಹೇಳುವ ಹೆಸರೂ ಅದೇ. ಭಯವೂ ಭಕ್ತಿಯೂ ಒಂದೇ ಹೆಸರಿನಲ್ಲಿ ಕೂತಿರುವುದು ನಮ್ಮ ಊರುಗಳ ವಿಶೇಷ.

2022ರಲ್ಲಿ 'ಕಾಂತಾರ' ಬಂದ ಮೇಲೆ ಹೊರಗಿನವರಿಗೂ ಪಂಜುರ್ಲಿ, ಗುಳಿಗ ಗೊತ್ತಾದವು. ಬೆಂಗಳೂರಿನ ಪಿ.ಜಿ.ಗಳಲ್ಲಿ ಇರುವ ನಮ್ಮೂರಿನ ಹುಡುಗ ಹುಡುಗಿಯರಿಗೆ ರೂಮ್‌ಮೇಟ್‌ಗಳು ಕೇಳುವ ಪ್ರಶ್ನೆ ಒಂದೇ: 'ಅದು ನಿಜವಾಗಿ ನಡೆದದ್ದಾ?' ದೈವದ ವಿಷಯದಲ್ಲಿ ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಕಲ್ಲುರ್ಟಿ ಮತ್ತು ಆಕೆಯ ಅಣ್ಣ ಕಲ್ಕುಡನ ಕಥೆಯಲ್ಲಿ ಒಂದು ಅನುಕೂಲವಿದೆ. ಆ ಕಥೆಯಲ್ಲಿ ಬರುವ ಊರುಗಳು ಈಗಲೂ ಇವೆ. ಅಲ್ಲಿ ನಿಂತ ವಿಗ್ರಹಗಳೂ ಇವೆ. ಅವುಗಳ ಮೇಲೆ ತಾರೀಕು ಸಮೇತ ಶಾಸನಗಳಿವೆ. ಹಾಗಾಗಿ ಕಥೆಯನ್ನೂ ಕಲ್ಲನ್ನೂ ಎದುರುಬದುರು ಇಟ್ಟು ನೋಡಬಹುದು.

ಪಾಡ್ದನ ಹೇಳುವ ಕಥೆ

ಪಾಡ್ದನದ ಪಾಠ ಊರಿಂದ ಊರಿಗೆ ಸ್ವಲ್ಪ ಬದಲಾಗುತ್ತದೆ. ಒಟ್ಟು ಕಥೆ ಹೀಗಿದೆ.

ಶಂಭು ಕಲ್ಕುಡ ಹೆಸರಾಂತ ಶಿಲ್ಪಿ. ಹೆಂಡತಿ ತುಂಬು ಗರ್ಭಿಣಿಯಾಗಿದ್ದಾಗ ಘಟ್ಟದ ಮೇಲಿನ ಬೆಳಗೊಳದಿಂದ ಅರಸನ ಕರೆ ಬರುತ್ತದೆ. ಉಳಿ, ಸುತ್ತಿಗೆ ಹೆಗಲಿಗೇರಿಸಿ ಹೋದವನು ವರ್ಷಗಟ್ಟಲೆ ಬರುವುದಿಲ್ಲ. ಇತ್ತ ಅವಳಿ ಮಕ್ಕಳು ಹುಟ್ಟುತ್ತಾರೆ, ಒಂದು ಗಂಡು, ಒಂದು ಹೆಣ್ಣು. ಹುಡುಗ ಬೀರ ಕಲ್ಕುಡ. ಹುಡುಗಿಯೇ ಮುಂದೆ ಕಲ್ಲುರ್ಟಿಯಾಗುವವಳು. ಜತೆಯ ಮಕ್ಕಳು 'ಅಪ್ಪ ಇಲ್ಲದವನು' ಎಂದು ಹಂಗಿಸಿದಾಗ ಬೀರ ತಂದೆಯನ್ನು ಹುಡುಕಿ ಹೊರಡುತ್ತಾನೆ. ಸಿಕ್ಕಿದ ತಂದೆಯ ಕೆಲಸದಲ್ಲೇ ಮಗ ಒಂದು ದೋಷ ತೋರಿಸುತ್ತಾನೆ. ಅವಮಾನ ತಾಳದೆ ತಂದೆ ತನ್ನ ಉಳಿಯಿಂದಲೇ ಪ್ರಾಣ ಬಿಡುತ್ತಾನೆ.

ಮಗನ ಕೈಚಳಕದ ಸುದ್ದಿ ಕಾರ್ಕಳದ ಭೈರರಸನಿಗೆ ಮುಟ್ಟುತ್ತದೆ. ಅವನ ಮಾತಿನಂತೆ ಬೀರ ಕಲ್ಕುಡ ಬಸದಿ ಕಟ್ಟುತ್ತಾನೆ, ಗುಡ್ಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸುತ್ತಾನೆ. ಕೆಲಸ ಮುಗಿದ ದಿನ ಅರಸ ಉಡುಗೊರೆ ಕೊಡುವ ಬದಲು ಅವನ ಎಡಗೈ ಮತ್ತು ಬಲಗಾಲು ಕಡಿಸುತ್ತಾನೆ. ಇಂಥದ್ದು ಇನ್ನೊಂದು ಊರಿನಲ್ಲಿ ಆಗಬಾರದು ಎಂಬುದೇ ಕಾರಣ. ಕಲ್ಕುಡ ತೆವಳುತ್ತ ವೇಣೂರಿಗೆ ಹೋಗಿ ಅಲ್ಲಿನ ಅಜಿಲ ಅರಸನ ಬಳಿ ಉಳಿದ ಒಂದೇ ಕೈಯಲ್ಲಿ ಇನ್ನೊಂದು ಗೊಮ್ಮಟನನ್ನು ಕೆತ್ತುತ್ತಾನೆ. ಅಣ್ಣನನ್ನು ಹುಡುಕಿ ಬಂದ ತಂಗಿ ಅವನ ಸ್ಥಿತಿ ನೋಡಿ ಕೆರಳುತ್ತಾಳೆ. ಇಬ್ಬರೂ ಮಾಯವಾಗಿ ದೈವಗಳಾಗುತ್ತಾರೆ. ಕಾರ್ಕಳಕ್ಕೆ ಬೆಂಕಿ ಬೀಳುತ್ತದೆ, ಅರಮನೆಗೆ ನೆಮ್ಮದಿ ಇಲ್ಲದಾಗುತ್ತದೆ. ಕಾರ್ಕಳದವರು ಸೋತು ಕೈಮುಗಿದ ಮೇಲೆಯೇ ಶಾಂತಿ.

ಮಾಡಿನ ಮೇಲೆ ಬೀಳುವ ಕಲ್ಲಿನ, ಕಾರಣವಿಲ್ಲದ ಬೆಂಕಿಯ ಭಯದ ಹಿಂದೆ ಇರುವುದು ಈ ಸಿಟ್ಟು.

ವರ್ಷಗಳ ಲೆಕ್ಕ ಕೂಡಿಬರುವುದಿಲ್ಲ

ಈಗ ಶಾಸನಗಳಿಗೆ ಬರೋಣ. ಶ್ರವಣಬೆಳಗೊಳದ ಗೊಮ್ಮಟ ನಿಂತದ್ದು ಕ್ರಿ.ಶ. 981ರ ಸುಮಾರಿಗೆ, ಗಂಗರ ಮಂತ್ರಿ ಚಾವುಂಡರಾಯನ ಕಾಲದಲ್ಲಿ. ಕಾರ್ಕಳದ ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನು ಭೈರರಸರ ವೀರಪಾಂಡ್ಯ ಪ್ರತಿಷ್ಠೆ ಮಾಡಿದ್ದು 1432ರ ಫೆಬ್ರವರಿ 13ರಂದು. ವೇಣೂರಿನ ಸುಮಾರು 35 ಅಡಿಯ ಗೊಮ್ಮಟನನ್ನು ಅಜಿಲ ವಂಶದ ತಿಮ್ಮಣ್ಣ ನಿಲ್ಲಿಸಿದ್ದು 1604ರ ಮಾರ್ಚ್ 1ರಂದು.

ಲೆಕ್ಕ ಹಾಕಿ ನೋಡಿ. ಕಾರ್ಕಳಕ್ಕೂ ವೇಣೂರಿಗೂ ನಡುವೆ 172 ವರ್ಷ. ಬೆಳಗೊಳಕ್ಕೂ ಕಾರ್ಕಳಕ್ಕೂ ನಡುವೆ 451 ವರ್ಷ. ಬೆಳಗೊಳದಲ್ಲಿ ಕೆಲಸ ಮಾಡಿದವನ ಮಗ ಕಾರ್ಕಳದಲ್ಲಿ ಕೈ ಕಳೆದುಕೊಂಡು, ಆಮೇಲೆ ವೇಣೂರಿನಲ್ಲಿ ಕೆತ್ತಬೇಕಾದರೆ ಆ ಅಪ್ಪ ಮಗ ಸೇರಿ 623 ವರ್ಷ ಬಾಳಬೇಕು. ಕಾರ್ಕಳದ ಗೊಮ್ಮಟನನ್ನು ಮಾಡಿದವನ ಕೈ ವೇಣೂರಿನ ಕಲ್ಲನ್ನು ಮುಟ್ಟಿರುವುದು ಸಾಧ್ಯವಿಲ್ಲ. ಕೈಕಾಲು ಕಡಿಸಿದ ಮಾತು ಈ ಶಾಸನಗಳಲ್ಲಿ ಎಲ್ಲಿಯೂ ಇಲ್ಲ.

ಅಂದರೆ ಕಥೆ ಸುಳ್ಳು ಎಂದು ಮುಗಿಸಿಬಿಡಬಹುದೇ? ಹಾಗೆ ಮುಗಿಸುವವರಿದ್ದಾರೆ. ಆದರೆ ಸ್ವಲ್ಪ ತಾಳಿ. ಮೂರು ಬೇರೆ ಬೇರೆ ಶತಮಾನದ ಗೊಮ್ಮಟರನ್ನು ಒಂದೇ ಮನೆಯ ಎರಡು ತಲೆಮಾರಿಗೆ ಕಟ್ಟಿಹಾಕಿದವರು ಲೆಕ್ಕ ಬಾರದವರು ಎಂದುಕೊಳ್ಳುವುದಕ್ಕಿಂತ, ಅವರಿಗೆ ಹೇಳಬೇಕಾಗಿದ್ದ ಮಾತು ಬೇರೆ ಇತ್ತು ಎಂದುಕೊಳ್ಳುವುದು ಮೇಲು. ಆ ಮಾತು ಏನೆಂದು ತಿಳಿಯಲು ಶಾಸನವನ್ನು ಇನ್ನೊಮ್ಮೆ ಓದಬೇಕು. ಈ ಸಲ ಅದರಲ್ಲಿ ಏನಿದೆ ಎಂದಲ್ಲ, ಏನಿಲ್ಲ ಎಂದು.

'ಮಾಡಿದ' ಮತ್ತು 'ಮಾಡಿಸಿದ'

ಬೆಳಗೊಳದ ಗೊಮ್ಮಟನ ಪಾದದ ಬಳಿಯ ಬರಹದಲ್ಲಿ ಚಾವುಂಡರಾಯ ಮಾಡಿಸಿದ ಎಂದಿದೆ. ಕಾರ್ಕಳದ ಶಾಸನದಲ್ಲಿ ವೀರಪಾಂಡ್ಯನ ಹೆಸರಿದೆ, ಅವನ ತಂದೆಯ ಹೆಸರಿದೆ, ಪ್ರೇರಣೆ ಕೊಟ್ಟ ಗುರು ಲಲಿತಕೀರ್ತಿಯ ಹೆಸರಿದೆ. ವೇಣೂರಿನಲ್ಲಿ ತಿಮ್ಮರಾಜನ ಹೆಸರಿದೆ, ಗುರು ಚಾರುಕೀರ್ತಿಯ ಹೆಸರಿದೆ. ಉಳಿ ಹಿಡಿದವನ ಹೆಸರು ಈ ಬರಹಗಳಲ್ಲಿ ಇಲ್ಲ.

ಕನ್ನಡದಲ್ಲಿ 'ಮಾಡಿದ' ಎಂಬುದಕ್ಕೂ 'ಮಾಡಿಸಿದ' ಎಂಬುದಕ್ಕೂ ಇರುವ ವ್ಯತ್ಯಾಸ ಒಂದೇ ಅಕ್ಷರ, 'ಸಿ'. ಆ ಒಂದು ಅಕ್ಷರದ ಎಡೆಯಲ್ಲಿ ಒಬ್ಬ ಮನುಷ್ಯ ಪೂರ್ತಿ ಮರೆಯಾಗಿಬಿಡಬಹುದು. 42 ಅಡಿಯ ಕರಿಕಲ್ಲು ತಾನಾಗಿ ಎದ್ದು ನಿಲ್ಲುವುದಿಲ್ಲ. ಕಾರ್ಕಳದ ವಿಗ್ರಹವನ್ನು ಗಾಲಿಬಂಡಿಯ ಮೇಲೆ ಏರಿಸಿ ಗುಡ್ಡೆಗೆ ಸಾಗಿಸಿದ ವರ್ಣನೆ 17ನೇ ಶತಮಾನದ ಚಂದ್ರಮ ಕವಿಯ 'ಕಾರ್ಕಳದ ಗೊಮ್ಮಟೇಶ್ವರ ಚರಿತೆ'ಯಲ್ಲಿ ಬರುತ್ತದೆ. ಕಲ್ಲು ಒಡೆದವರು, ಬಂಡಿ ಎಳೆದವರು, ಹಗ್ಗ ಹೊಸೆದವರು, ಅವರಿಗೆ ಗಂಜಿ ಬೇಯಿಸಿದವರು ಎಷ್ಟು ಮಂದಿ ಇದ್ದಿರಬೇಕು! ಕಲ್ಲಿನ ಮೇಲೆ ಉಳಿದದ್ದು ಅರಸ ಮತ್ತು ಗುರು.

ಕರ್ನಾಟಕದಲ್ಲಿ ಶಿಲ್ಪಿಗಳ ಹೆಸರು ಬರೆಯುವ ರೂಢಿಯೇ ಇರಲಿಲ್ಲ ಎಂದಲ್ಲ. ಹೊಯ್ಸಳರ ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಚಾವಣ ಎಂಬ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿದ್ದಾನೆ. ಅಲ್ಲಿ ಸಾಧ್ಯವಾದದ್ದು ಕಾರ್ಕಳ, ವೇಣೂರಿನ ಗೊಮ್ಮಟರ ಶಾಸನಗಳಲ್ಲಿ ಆಗಲಿಲ್ಲ. ಶಾಸನ ಬಿಟ್ಟುಕೊಟ್ಟ ಆ ಖಾಲಿ ಜಾಗವನ್ನು ಪಾಡ್ದನ ತುಂಬಿತು. ಹೆಸರಿಲ್ಲದ ಅಷ್ಟೂ ಕಲ್ಲುಕುಟಿಗರಿಗೆ ಒಂದೇ ಹೆಸರು ಕೊಟ್ಟಿತು: ಕಲ್ಕುಡ. ಆ ಹೆಸರಿನಲ್ಲೇ ಕಲ್ಲಿದೆ. ಹಾಗೆ ನೋಡಿದರೆ 623 ವರ್ಷ ಬಾಳಿದ್ದು ಒಬ್ಬ ಮನುಷ್ಯನಲ್ಲ, ಒಂದು ಕಸುಬು.

ಅಸೂಯೆ ಮಾತ್ರ ನಿಜ

ಕಥೆಯಲ್ಲಿ ಇನ್ನೊಂದು ಗಟ್ಟಿಯಾದ ಎಳೆ ಇದೆ. 'ನನ್ನಲ್ಲಿರುವಂಥದ್ದು ಪಕ್ಕದವನಲ್ಲಿ ಇರಬಾರದು' ಎಂಬ ಭೈರರಸನ ಹಟ. ಇದು ಕೇವಲ ಕಲ್ಪನೆಯೇ?

ಆ ಕಾಲದ ತುಳುನಾಡು ಒಬ್ಬನೇ ದೊಡ್ಡ ಅರಸನ ಕೈಯಲ್ಲಿ ಇರಲಿಲ್ಲ. ಮೇಲೆ ವಿಜಯನಗರ, ಆಮೇಲೆ ಕೆಳದಿ. ಕೆಳಗೆ ಕಾರ್ಕಳದಲ್ಲಿ ಭೈರರಸರು, ವೇಣೂರಿನಲ್ಲಿ ಅಜಿಲರು, ಮೂಡುಬಿದಿರೆಯ ಕಡೆ ಚೌಟರು, ಮತ್ತೊಂದು ಕಡೆ ಬಂಗರು. ನಮ್ಮ ಪಡುಮಲೆ, ಪಂಜ, ಎಣ್ಮೂರುಗಳಲ್ಲಿ ಬಲ್ಲಾಳರು. ಬಸದಿ, ಗೊಮ್ಮಟ ಇವು ಭಕ್ತಿಯ ಜತೆಗೆ ಪ್ರತಿಷ್ಠೆಯ ವಿಷಯವೂ ಆಗಿದ್ದವು. ವೇಣೂರಿನಲ್ಲಿ ಗೊಮ್ಮಟ ನಿಲ್ಲಿಸುವ ಸುದ್ದಿ ಕೇಳಿ ಕಾರ್ಕಳದ ಅರಸ ಸಿಟ್ಟಾದ, ಯುದ್ಧದ ಬೆದರಿಕೆ ಹಾಕಿದ, ಅಜಿಲ ತನ್ನ ವಿಗ್ರಹವನ್ನು ಫಲ್ಗುಣಿ ನದಿಯ ಮರಳಿನಲ್ಲಿ ಹುಗಿದು ಕಾಪಾಡಿದ ಎಂಬ ಐತಿಹ್ಯ ವೇಣೂರಿನಲ್ಲಿ ಈಗಲೂ ಇದೆ.

ಈ ಐತಿಹ್ಯವನ್ನೂ ಪಾಡ್ದನವನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದರಲ್ಲಿ ಅರಸ ಎರಡನೆಯ ವಿಗ್ರಹವನ್ನು ತಡೆಯಲು ನೋಡುತ್ತಾನೆ. ಇನ್ನೊಂದರಲ್ಲಿ ಎರಡನೆಯ ವಿಗ್ರಹ ಮಾಡಬಲ್ಲ ಕೈಯನ್ನೇ ತಡೆಯುತ್ತಾನೆ. ಎರಡೂ ಒಂದೇ ಪೈಪೋಟಿಯ ಎರಡು ಹೇಳಿಕೆಗಳು. ಒಂದು ಅರಮನೆಯ ಕಡೆಯಿಂದ ಹೇಳಿದ್ದು, ಇನ್ನೊಂದು ಕೆಲಸದವನ ಕಡೆಯಿಂದ ಹೇಳಿದ್ದು. ನನಗೆ ಕಾಣುವಂತೆ, 1604ರ ಪೈಪೋಟಿಯ ನೆನಪನ್ನು ಜನ 1432ರ ಕಲ್ಲಿನ ಮೇಲೆ ಹೊರಿಸಿದ್ದಾರೆ. ತಾರೀಕು ತಪ್ಪಿದೆ, ದೂರು ತಪ್ಪಿಲ್ಲ.

ಲೋಕದ ತುಂಬ ಇದೇ ಕಥೆ

ಕೈ ಕಡಿದ ಕಥೆ ನಮ್ಮಲ್ಲಿ ಮಾತ್ರ ಇರುವುದಲ್ಲ. ತಾಜ್‌ಮಹಲ್ ಕಟ್ಟಿದವರ ಕೈ ಕಡಿಸಿದರು ಎಂದು ಶಾಲೆಯಲ್ಲಿ ಯಾರಾದರೊಬ್ಬರು ಹೇಳಿಯೇ ಇರುತ್ತಾರೆ. ಅದಕ್ಕೆ ಆಧಾರವಿಲ್ಲ. ಯುರೋಪಿನ ಪ್ರಾಗ್ ನಗರದ ಪ್ರಸಿದ್ಧ ಗಡಿಯಾರ ಮಾಡಿದ ಹನುಶ್ ಎಂಬವನ ಕಣ್ಣು ಕೀಳಿಸಿದರು, ಇನ್ನೊಂದು ಊರಿಗೆ ಅಂಥ ಗಡಿಯಾರ ಮಾಡಿಕೊಡದಿರಲಿ ಎಂದು, ಹೀಗೊಂದು ಕಥೆ ಅಲ್ಲಿದೆ. ದಾಖಲೆಗಳ ಪ್ರಕಾರ ಆ ಗಡಿಯಾರವನ್ನು 1410ರಲ್ಲಿ ಮಾಡಿದವನು ಮಿಕುಲಾಶ್ ಎಂಬ ಬೇರೆಯೇ ಕುಶಲಕರ್ಮಿ. ನಮ್ಮದೇ ಜಕಣಾಚಾರಿಯ ಕಥೆಯಲ್ಲಿ ಮಗ ಕಲ್ಲಿನೊಳಗಿನ ಕಪ್ಪೆ ತೋರಿಸಿದಾಗ ತಂದೆ ತನ್ನ ಕೈಯನ್ನು ತಾನೇ ಕಡಿದುಕೊಳ್ಳುತ್ತಾನೆ. ಮಗ ದೋಷ ಕಂಡುಹಿಡಿಯುವ ಭಾಗ ಕಲ್ಕುಡನ ಕಥೆಗೂ ಜಕಣಾಚಾರಿಯ ಕಥೆಗೂ ಸಮಾನ.

ಇದಕ್ಕಿಂತ ಕಠಿಣವಾದದ್ದು ಚರಿತ್ರೆಯಲ್ಲೇ ದಾಖಲಾಗಿದೆ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ಕೆಲಸ ಮಾಡಿ, ಮುಂದೆ ಅದರ ಟೀಕಾಕಾರನಾದ ವಿಲಿಯಂ ಬೋಲ್ಟ್ಸ್ 1772ರಲ್ಲಿ ಅಚ್ಚು ಮಾಡಿಸಿದ ಪುಸ್ತಕದಲ್ಲಿ ಬಂಗಾಳದ ರೇಷ್ಮೆ ನೂಲು ಸುತ್ತುವವರ ಬಗ್ಗೆ ಬರೆದಿದ್ದಾನೆ. ಬಲವಂತದ ದುಡಿಮೆಯಿಂದ ತಪ್ಪಿಸಿಕೊಳ್ಳಲು ಅವರಲ್ಲಿ ಕೆಲವರು ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡರಂತೆ. ಜನರ ಬಾಯಲ್ಲಿ ಅದು ಮುಂದೆ 'ಢಾಕಾದ ನೇಕಾರರ ಹೆಬ್ಬೆರಳು ಕತ್ತರಿಸಿದರು' ಎಂದಾಯಿತು. ಕತ್ತರಿಸಿದವರು ಯಾರೆಂಬುದು ಕಥೆಯಲ್ಲಿ ಬದಲಾಗಿರಬಹುದು. ಆದರೆ ಕೈಗಳ ಮೇಲೆ ದಬ್ಬಾಳಿಕೆ ನಡೆದದ್ದು ನಿಜ.

ಹೀಗೆ ಜಗತ್ತಿನ ಬೇರೆ ಬೇರೆ ಮೂಲೆಗಳಲ್ಲಿ ಜನ ಒಂದೇ ಮಾತನ್ನು ಹೇಳಿಕೊಂಡಿದ್ದಾರೆ. ಒಳ್ಳೆಯ ಕೆಲಸಗಾರನಿಗೆ ಅವನ ಒಳ್ಳೆಯ ಕೆಲಸವೇ ಅಪಾಯ ತರಬಹುದು. ಆದರೆ ನಮ್ಮ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಕಡಿದ ಮೇಲೂ ಕಲ್ಕುಡ ಒಂದು ಕೈಯಲ್ಲಿ ಕೆತ್ತುತ್ತಾನೆ. ತಂಗಿ ಬಂದು ಅರಸನಿಂದ ಲೆಕ್ಕ ಕೇಳುತ್ತಾಳೆ. ನೇಮದ ದಿನ ಊರಿನ ದೊಡ್ಡವರೂ ಅವರ ಎದುರು ತಲೆಬಾಗಿ ನಿಲ್ಲುತ್ತಾರೆ.

ಪಡುಮಲೆಯಲ್ಲೂ ಅದೇ ದೂರು

'ಕಾರ್ಕಳ, ವೇಣೂರು ನಮಗೆ ದೂರ, ನಮ್ಮ ತಾಲೂಕುಗಳಿಗೂ ಇದಕ್ಕೂ ಏನು ಸಂಬಂಧ' ಎಂದು ಕೇಳುವವರು ಕೋಟಿ ಚೆನ್ನಯರ ಕಥೆಯನ್ನು ನೆನಪಿಸಿಕೊಳ್ಳಬೇಕು. ಅದು ಪುತ್ತೂರು ತಾಲೂಕಿನ ಪಡುಮಲೆಯಲ್ಲಿ ಹುಟ್ಟಿ, ಪಂಜದ ಮೂಲಕ ಹಾದು, ಎಣ್ಮೂರಿನಲ್ಲಿ ಮುಗಿಯುವ ಕಥೆ. ಇವರ ಕಾಲ ಸುಮಾರು 16ನೇ ಶತಮಾನ ಎಂದು ಸಾಮಾನ್ಯವಾಗಿ ಹೇಳುತ್ತಾರೆ.

ಪಡುಮಲೆ ಬಲ್ಲಾಳನ ಕಾಲಿಗೆ ಮುಳ್ಳು ಹೊಕ್ಕು ಹುಣ್ಣಾಗುತ್ತದೆ. ಯಾರ ಮದ್ದೂ ನಾಟುವುದಿಲ್ಲ. ತುಂಬು ಗರ್ಭಿಣಿ ದೇಯಿ ಬೈದೆತಿ ಬಂದು ನಾಟಿ ಮದ್ದು ಕೊಟ್ಟು ಗುಣಪಡಿಸುತ್ತಾಳೆ. ಬಲ್ಲಾಳ ದೊಡ್ಡ ಮಾತು ಕೊಡುತ್ತಾನೆ. ದೇಯಿ ಅವಳಿಗಳನ್ನು ಹೆತ್ತು ತೀರಿಕೊಳ್ಳುತ್ತಾಳೆ. ಬೆಳೆದ ಮಕ್ಕಳು ನ್ಯಾಯವಾಗಿ ಬರಬೇಕಾದ ಭೂಮಿ ಕೇಳಿದಾಗ ಬಲ್ಲಾಳನ ಮಾತು ಬದಲಾಗುತ್ತದೆ. ಮುಂದಿನದೆಲ್ಲ ಹೋರಾಟ. ಕೊನೆಗೆ ಎಣ್ಮೂರಿನ ರಣರಂಗದಲ್ಲಿ ವೀರಮರಣ. ಇಂದಿಗೂ ಗರಡಿಗಳಲ್ಲಿ ಅವರಿಗೆ ಪೂಜೆ ಸಲ್ಲುತ್ತದೆ. ಪಡುಮಲೆಯ ಸಮೀಪ ಮುಡಿಪಿನಡ್ಕದಲ್ಲಿ ಅರಣ್ಯ ಇಲಾಖೆ ದೇಯಿ ಬೈದೆತಿಯ ಹೆಸರಿನಲ್ಲೇ ಒಂದು ಔಷಧಿವನ ಬೆಳೆಸಿದೆ.

ಎರಡೂ ಕಥೆಗಳ ಎಲುಬು ಒಂದೇ. ಒಂದರಲ್ಲಿ ಶಿಲ್ಪಿ, ಇನ್ನೊಂದರಲ್ಲಿ ವೈದ್ಯೆ. ಇಬ್ಬರ ಕೈಯಲ್ಲೂ ವಿದ್ಯೆ ಇತ್ತು, ಅಧಿಕಾರ ಇರಲಿಲ್ಲ. ಇಬ್ಬರಿಂದಲೂ ಕೆಲಸ ಮಾಡಿಸಿಕೊಂಡ ಅರಸರು ಕೊಡಬೇಕಾದ್ದನ್ನು ಕೊಡಲಿಲ್ಲ. ಎರಡರಲ್ಲೂ ಅವಳಿಗಳು ಆ ಬಾಕಿ ಕೇಳಲು ಎದ್ದು ನಿಲ್ಲುತ್ತಾರೆ. ಪಾಡ್ದನಗಳನ್ನು ದೈವಗಳ ಹುಟ್ಟಿನ ಕಥೆ ಎನ್ನುತ್ತೇವೆ. ಅವು ತುಳುನಾಡಿನ ಬಾಕಿ ಸಂಬಳದ ರಿಜಿಸ್ಟರ್ ಕೂಡ ಹೌದು ಎಂದು ನನಗೆ ಅನ್ನಿಸುತ್ತದೆ.

ಹಾಡಿದವರು ಯಾರು?

ಶಾಸನ ಬರೆಸಲು ಅರಮನೆ ಬೇಕು, ಹಣ ಬೇಕು, ಅಕ್ಷರ ಬೇಕು. ಪಾಡ್ದನಕ್ಕೆ ಅದೊಂದೂ ಬೇಡ. ಅದನ್ನು ಹಾಡಿದವರು ಕೆಸರು ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನೇಜಿ ನೆಟ್ಟ ಹೆಂಗಸರು. ದೈವದ ಮುಡಿ ಕಟ್ಟುವ ನಲಿಕೆ, ಪರವ, ಪಂಬದ ಸಮುದಾಯಗಳವರು. ಕಲ್ಲಿನಲ್ಲಿ ಹೆಸರು ಬರೆಸಿಕೊಳ್ಳುವ ಅವಕಾಶ ತಮಗೂ ಇಲ್ಲದಿದ್ದವರೇ ಕಲ್ಕುಡನ ಹೆಸರನ್ನು ಕಾಪಾಡಿದರು.

ಅದು ಕಾಗದಕ್ಕೆ ಇಳಿದದ್ದು ಬಹಳ ತಡವಾಗಿ. ಬಾಸೆಲ್ ಮಿಶನ್ನಿನ ಎ. ಮ್ಯಾನರ್ 1886ರಲ್ಲಿ ಮಂಗಳೂರಿನಲ್ಲಿ ಪಾಡ್ದನಗಳ ಸಂಗ್ರಹವೊಂದನ್ನು ಮುದ್ರಿಸಿದರು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿಟ್ಟಿದ್ದ ಪಾಡ್ದನಗಳು ಅವರು ತೀರಿಕೊಂಡ ಮೇಲೆ, 1894ರಿಂದ 1897ರ ಅವಧಿಯಲ್ಲಿ, 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬಂದವು. ಕಲ್ಕುಡ ಕಲ್ಲುರ್ಟಿಯರ ಕಥೆಯೂ ಅದರಲ್ಲಿದೆ. ಆದರೆ ಆ ಲೇಖನಮಾಲೆಗೆ ಕೊಟ್ಟ ಹೆಸರು 'ತುಳುವರ ಪಿಶಾಚಿ ಪೂಜೆ' ಎಂಬ ಅರ್ಥದ್ದು. ನ್ಯಾಯ ಕೇಳಿದ ಅಣ್ಣ ತಂಗಿ ಇಂಗ್ಲಿಷಿಗೆ ಹೋಗುವಾಗ ದೆವ್ವಗಳಾಗಿಬಿಟ್ಟರು. ನಮ್ಮ ಕನ್ನಡದಲ್ಲಿ 'ಭೂತ' ಎಂದರೆ ಹೆದರಿಸುವಂಥದ್ದು ಮಾತ್ರವಲ್ಲ, ಕಳೆದುಹೋದದ್ದು ಎಂದೂ ಅರ್ಥ. ಶಾಲೆಯಲ್ಲಿ ಭೂತಕಾಲ ಕಲಿತ ಎಲ್ಲರಿಗೂ ಇದು ಗೊತ್ತು. ಆ ಎರಡನೆಯ ಅರ್ಥವನ್ನು ಅನುವಾದ ಬಿಟ್ಟುಬಿಟ್ಟಿತು.

ಕಾರ್ಕಳದ ಇನ್ನೊಂದು ಗೊಮ್ಮಟ

ಈ ಕಥೆಗೆ ನಮ್ಮ ಕಾಲದಲ್ಲೇ ನಡೆದ ಒಂದು ಮುಂದುವರಿಕೆ ಇದೆ. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ನೋಡದವರು ಈ ಮೂರು ತಾಲೂಕುಗಳಲ್ಲಿ ಕಡಿಮೆ. ಆ ವಿಗ್ರಹವನ್ನು ಕೆತ್ತಿದ್ದು ಧರ್ಮಸ್ಥಳದಲ್ಲಲ್ಲ, ಕಾರ್ಕಳದಲ್ಲಿ. ಅದನ್ನು 1973ರಲ್ಲಿ ದೊಡ್ಡ ಟ್ರಾಲಿಯಲ್ಲಿ ಮಲಗಿಸಿ ರಸ್ತೆ ಮೂಲಕ ಧರ್ಮಸ್ಥಳಕ್ಕೆ ತಂದರು. 1982ರಲ್ಲಿ ಪ್ರತಿಷ್ಠೆಯಾಯಿತು.

ಕೆತ್ತಿದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಈ ಹೆಸರು ಕರಾವಳಿಯಲ್ಲಿ ಗೊತ್ತು. ಪುಸ್ತಕಗಳಲ್ಲಿ ಇದೆ, ಬಾಹುಬಲಿಯ ಮಾತು ಬಂದಾಗ ಜನ ಗೌರವದಿಂದ ನೆನೆಯುತ್ತಾರೆ. ಕಾರ್ಕಳದ ಮಣ್ಣಿನಲ್ಲೇ 1432ರಿಂದ 1973ರ ನಡುವೆ ಕಳೆದದ್ದು 541 ವರ್ಷ. ಒಂದು ಕಡೆ ಕೆತ್ತಿದವನ ಹೆಸರೇ ಇಲ್ಲದ ಶಾಸನ, ಇನ್ನೊಂದು ಕಡೆ ಹೆಸರು ಎಲ್ಲರಿಗೂ ಗೊತ್ತಿರುವ ಶಿಲ್ಪಿ. ಕಲ್ಕುಡನ ಬಾಕಿಯಲ್ಲಿ ಸ್ವಲ್ಪವಾದರೂ ತೀರಿತು ಎನ್ನಬಹುದು. ಕಾರ್ಕಳದ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಟ್ರಸ್ಟ್ ನಡೆಸುವ ಸಿ.ಇ. ಕಾಮತ್ ಕುಶಲಕರ್ಮಿ ತರಬೇತಿ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹದ ಶಿಲ್ಪವನ್ನು ಇಂದಿನ ಯುವಕರಿಗೆ ಕಲಿಸುತ್ತಾರೆ. ಉಳಿ ಹಿಡಿಯುವ ಕೈ ಬೇಕು ಎನ್ನುವ ಊರಾಗಿಯೂ ಕಾರ್ಕಳ ಉಳಿದಿದೆ.

ಕೈ ಕಡಿಯುವ ಹೊಸ ಬಗೆ

ಕೆಲಸ ಹುಡುಕುತ್ತಿರುವ ನಮ್ಮಂಥವರಿಗೆ ಈ ಕಥೆ ಹಳೆಯದಾಗಿ ಕಾಣಬೇಕಿಲ್ಲ. 'ನನ್ನಲ್ಲಿ ಕೆಲಸ ಮಾಡಿದ ಮೇಲೆ ಇನ್ನೊಬ್ಬರಲ್ಲಿ ಮಾಡಕೂಡದು' ಎಂಬ ಭೈರರಸನ ಷರತ್ತು ಈಗ ಆಫರ್ ಲೆಟರ್‌ನ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಬಾಂಡ್ ಬರೆಸಿಕೊಳ್ಳುವವರಿದ್ದಾರೆ. ಮೂಲ ಅಂಕಪಟ್ಟಿಯನ್ನು ತಮ್ಮ ಬಳಿ ಇಟ್ಟುಕೊಳ್ಳುವವರೂ ಇದ್ದಾರೆ. ಕ್ಯಾಂಪಸ್ ಇಂಟರ್‌ವ್ಯೂ ಮುಗಿದ ಖುಷಿಯಲ್ಲಿ ಆ ಪುಟ ಓದುವವರು ಕಡಿಮೆ.

ಇದರ ಕಾನೂನು ಸ್ವಲ್ಪ ತಿಳಿದಿರಲಿ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಕಾನೂನುಬದ್ಧ ವೃತ್ತಿಯನ್ನು ಮಾಡದಂತೆ ಯಾರನ್ನಾದರೂ ತಡೆಯುವ ಕರಾರು ಆ ಮಟ್ಟಿಗೆ ಅಸಿಂಧು. ಕೆಲಸ ಬಿಟ್ಟ ಮೇಲೆ ಅದೇ ಕ್ಷೇತ್ರದಲ್ಲಿ ದುಡಿಯಬಾರದು ಎಂಬ ಷರತ್ತುಗಳನ್ನು ನಮ್ಮ ನ್ಯಾಯಾಲಯಗಳು ಸಾಮಾನ್ಯವಾಗಿ ಎತ್ತಿಹಿಡಿಯುವುದಿಲ್ಲ. ಹಾಗೆಂದು ಎಲ್ಲ ಬಾಂಡೂ ಸುಳ್ಳು ಎಂದುಕೊಳ್ಳಬೇಡಿ. ಕೆಲಸದಲ್ಲಿರುವ ಅವಧಿಗೆ ಸಂಬಂಧಿಸಿದ, ನೇಮಕಾತಿ ಅಥವಾ ತರಬೇತಿಯ ಖರ್ಚಿಗೆ ತಕ್ಕಂಥ ಬಾಂಡ್ ಬೇರೆ. ಮೂರು ವರ್ಷ ತುಂಬುವ ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ಬ್ಯಾಂಕೊಂದರ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ಆದ್ದರಿಂದ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ ಷರತ್ತು ನಾನು ಇಲ್ಲಿರುವಷ್ಟು ದಿನಕ್ಕೆ ಮಾತ್ರವೋ, ಬಿಟ್ಟ ಮೇಲೂ ನನ್ನ ಕೈ ಕಟ್ಟುತ್ತದೆಯೋ? ಅವರು ಕೇಳುವ ಹಣ ಅವರಿಗಾದ ಖರ್ಚಿಗೆ ಹೊಂದುತ್ತದೆಯೋ? ಗೊತ್ತಾಗದಿದ್ದರೆ ವಕೀಲರನ್ನು ಕೇಳಲು ನಾಚಿಕೆ ಬೇಡ.

ಇನ್ನೂ ಒಂದು ಮಾತು. ಪ್ರಾಜೆಕ್ಟ್ ರಿಪೋರ್ಟಿನಲ್ಲಿ, ಕಾಲೇಜಿನ ಸ್ಮರಣ ಸಂಚಿಕೆಯಲ್ಲಿ, ಊರಿನ ಬ್ರಹ್ಮಕಲಶದ ಆಮಂತ್ರಣದಲ್ಲಿ 'ಮಾಡಿಸಿದ'ವರ ಹೆಸರು ದೊಡ್ಡದಾಗಿ ಬರುತ್ತದೆ. 'ಮಾಡಿದ'ವರ ಹೆಸರನ್ನೂ ಬರೆಯುವುದು ನಮ್ಮ ಕೈಯಲ್ಲೇ ಇದೆ.

ಕೇಳಿಸಿಕೊಳ್ಳುವವರು ಬೇಕು

ಕೊನೆಯದಾಗಿ ಒಂದು ಆತಂಕ. ಪುತ್ತೂರು, ಸುಳ್ಯ, ಕಡಬದಲ್ಲಿ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾಗಿವೆ. ಉಳಿದ ಗದ್ದೆಗಳಿಗೂ ನಾಟಿ ಯಂತ್ರ ಬಂದಿದೆ. ಯಂತ್ರಕ್ಕೆ ಬೆನ್ನು ನೋಯುವುದಿಲ್ಲ, ಅದು ಒಳ್ಳೆಯದೇ. ಆದರೆ ಅದು ಪಾಡ್ದನ ಹಾಡುವುದಿಲ್ಲ. ಶಾಸನ ಕಲ್ಲಿನ ಮೇಲಿದೆ, ಮಳೆಗೂ ಬಿಸಿಲಿಗೂ ತಡೆಯುತ್ತದೆ. ಪಾಡ್ದನ ಇರುವುದು ಉಸಿರಿನಲ್ಲಿ. ಹಾಡುವವರು ಹೋದರೆ ಅದೂ ಹೋಯಿತು.

ಒಬ್ಬರ ನೆನಪಿನಲ್ಲಿ ಎಷ್ಟು ಇರಬಹುದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಬೆಳ್ತಂಗಡಿ ತಾಲೂಕಿನ ಕೃಷಿಕ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ವಿದ್ವಾಂಸ ಲೌರಿ ಹೋಂಕೊ ಅವರು ನಮ್ಮವರೇ ಆದ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜತೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳ ಮಹಾಕಾವ್ಯ. ಬರೆದಿಟ್ಟದ್ದನ್ನು ನೋಡಿ ಹಾಡಿದ್ದಲ್ಲ.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಪಾಡ್ದನ ಗೊತ್ತಿರುವ ಅಜ್ಜಿಯೊಬ್ಬರು ಇರಬಹುದು. ಈ ರಜೆಯಲ್ಲಿ ಅವರ ಬಳಿ ಕೂತು, ಅನುಮತಿ ಕೇಳಿ, ಮೊಬೈಲಿನ ರೆಕಾರ್ಡರ್ ಒತ್ತಿ. ಯಾರು ಹಾಡಿದ್ದು, ಯಾವ ಊರು, ಯಾರಿಂದ ಕಲಿತದ್ದು ಎಂಬುದನ್ನೂ ಕೇಳಿ ಬರೆದಿಡಿ. ಸಾಧ್ಯವಾದರೆ ಒಂದು ಭಾನುವಾರ ಉಪ್ಪಿನಂಗಡಿ, ಗುರುವಾಯನಕೆರೆ ದಾರಿಯಾಗಿ ವೇಣೂರಿಗೆ ಹೋಗಿ, ಅಲ್ಲಿಂದ ಕಾರ್ಕಳಕ್ಕೂ ಹೋಗಿ ಬನ್ನಿ. ಗೊಮ್ಮಟನ ಮುಖ ನೋಡಿದ ಮೇಲೆ ಕಣ್ಣು ಸ್ವಲ್ಪ ಕೆಳಗಿಳಿಸಿ ಆ ಬೆರಳುಗಳನ್ನು, ಉಗುರುಗಳನ್ನು ನೋಡಿ. ಅಷ್ಟು ಗಟ್ಟಿ ಕಲ್ಲಿನಲ್ಲಿ ಅಷ್ಟು ಮೆತ್ತಗಿನ ಕೈಯನ್ನು ಕೆತ್ತಿದವನಿಗೂ ಎರಡು ಕೈಗಳಿದ್ದವು.